ಬೈಪೋಲಾರ್‌ಗೆ ರಕ್ತಪರೀಕ್ಷೆ ಇದೆಯೇ?

ಪ್ರಶ್ನೆ: ತಮ್ಮನಿಗೆ ಬೈಪೋಲಾರ್ (ಅತಿ ಉತ್ಸಾಹ, ಖಿನ್ನತೆ ಬಂದುಹೋಗುವ ಮನೋರೋಗ) ಇದೆ, ಲಿಥಿಯಂ ಮಾತ್ರೆ ನಡೆಯುತ್ತಿದೆ. ಇದು ಮೈಟೊಕಾಂಡ್ರಿಯಾದ (ಜೀವಕೋಶದೊಳಗೆ ಶಕ್ತಿ ತಯಾರಿಸುವ ಭಾಗ) ದೋಷ, ರಕ್ತದಲ್ಲಿ ಲ್ಯಾಕ್ಟೇಟ್, ಬಿಡಿಎನ್‌ಎಫ್ (ನರಕೋಶಗಳನ್ನು ಪೋಷಿಸುವ ಪ್ರೋಟೀನ್) ನೋಡಿದರೆ ಕಾಯಿಲೆ ಖಚಿತವಾಗುತ್ತದೆ ಎಂದು ಓದಿದೆ. ಮಾಡಿಸಬಹುದೇ?

ಉತ್ತರ: ಬೇಡ. ಓದಿದ್ದರಲ್ಲಿ ಅರ್ಧ ನಿಜ. ದೇಹದ ತೂಕದಲ್ಲಿ ಶೇ. 2ರಷ್ಟಿರುವ ಮಿದುಳು, ಸುಮ್ಮನೆ ಕೂತಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಶೇ. 20ರಷ್ಟನ್ನು ನುಂಗುತ್ತದೆ. ಮೈಟೊಕಾಂಡ್ರಿಯಾ ಸರಿಯಾಗಿ ನಡೆದರೆ ಒಂದು ಗ್ಲೂಕೋಸ್ ಅಣುವಿನಿಂದ ಸುಮಾರು 30 ಎಟಿಪಿ (ಜೀವಕೋಶ ಶಕ್ತಿಗೆ ಬಳಸುವ ಅಣು) ಹುಟ್ಟುತ್ತದೆ. ಅದು ಕುಂಟಿದಾಗ ಜೀವಕೋಶ ಗ್ಲೂಕೋಸನ್ನು ಅರ್ಧಕ್ಕೇ ಒಡೆದು ಎರಡೇ ಎಟಿಪಿಯಲ್ಲಿ ಕಾಲ ತಳ್ಳುತ್ತದೆ, ಲ್ಯಾಕ್ಟೇಟ್ ಶೇಖರವಾಗುತ್ತದೆ. ಬೈಪೋಲಾರ್ ಇರುವವರ ಮಿದುಳಿನಲ್ಲೂ ಬೆನ್ನುಹುರಿಯ ದ್ರವದಲ್ಲೂ ಲ್ಯಾಕ್ಟೇಟ್ ಹೆಚ್ಚಿದ್ದುದು ಕಂಡಿದೆ. ಆದರೆ ಅದು ಗುಂಪಿನ ಸರಾಸರಿ. ಒಬ್ಬರ ಅಂಕಿ ನೋಡಿ ಕಾಯಿಲೆ ಇದೆ, ಇಲ್ಲ ಎನ್ನಲಾಗದು. ಬಿಡಿಎನ್‌ಎಫ್ ಬರೀ ಖಿನ್ನತೆಯಲ್ಲೂ ಇಳಿಯುತ್ತದೆ. ಉರಿಯೂತ ತೋರಿಸುವ ಸಿಆರ್‌ಪಿ ಎಂಬ ರಕ್ತಪರೀಕ್ಷೆಯೂ ಅಷ್ಟೇ, ಅದು ಏರಲು ಒಂದು ಜ್ವರ ಸಾಕು.

ತೋಳಿನ ರಕ್ತದ ಲ್ಯಾಕ್ಟೇಟಂತೂ ಬಹಳ ಚಂಚಲ. ಪಟ್ಟಿ ಬಿಗಿದು ಮುಷ್ಟಿ ಹಿಂಡಿಸಿದರೆ ಏರುತ್ತದೆ. ಗ್ಲೂಕೋಸ್ ಒಡೆಯುವುದನ್ನು ತಡೆಯುವ ಫ್ಲೋರೈಡ್ ಇಲ್ಲದ ಟ್ಯೂಬಿನಲ್ಲಿ ರಕ್ತ ಇಟ್ಟರೆ ಕೆಂಪು ರಕ್ತಕಣಗಳು ಗ್ಲೂಕೋಸ್ ತಿನ್ನುತ್ತಲೇ ಇರುತ್ತವೆ, ಟ್ಯೂಬಿನೊಳಗೇ ಲ್ಯಾಕ್ಟೇಟ್ ಬೆಳೆಯುತ್ತದೆ!

ನಿಮ್ಮ ತಮ್ಮನಿಗೆ ನಿಜಕ್ಕೂ ಬೇಕಾದ್ದು ಲಿಥಿಯಂ ಮಟ್ಟದ ಪರೀಕ್ಷೆ. ಕೊನೆಯ ಡೋಸ್ ಆಗಿ 12 ಗಂಟೆಗೆ ರಕ್ತ ಕೊಡಬೇಕು: ರಾತ್ರಿ 9ಕ್ಕೆ ನುಂಗಿದ್ದರೆ ಬೆಳಿಗ್ಗೆ 9ಕ್ಕೆ, ಬೆಳಗಿನ ಮಾತ್ರೆಗೆ ಮೊದಲು. ನುಂಗಿ ಹೋದರೆ ಅಂಕಿ ಸುಳ್ಳಾಗಿ ಏರಿರುತ್ತದೆ, ಸರಿಯಾಗಿದ್ದ ಡೋಸನ್ನೇ ಇಳಿಸಿಬಿಡುವ ಅಪಾಯ. ರಕ್ತವನ್ನು ಲಿಥಿಯಂ ಹೆಪಾರಿನ್ (ಹೆಪ್ಪುಗಟ್ಟದಂತೆ ತಡೆಯುವ ವಸ್ತು) ಇರುವ ಟ್ಯೂಬಿಗೆ ಹಾಕಿದರೂ ಅದೇ ಕಥೆ. ಟ್ಯೂಬಿನ ಲಿಥಿಯಂ ಕೂಡ ಲೆಕ್ಕಕ್ಕೆ ಬಂದುಬಿಡುತ್ತದೆ. ಡೋಸ್ ಬದಲಾಯಿಸಿದರೆ 5ರಿಂದ 7 ದಿನ ಬಿಟ್ಟು ನೋಡಬೇಕು. ದೀರ್ಘಕಾಲದ ಚಿಕಿತ್ಸೆಯಲ್ಲಿ ಸಾಮಾನ್ಯ ಗುರಿ ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಆರು ತಿಂಗಳಿಗೊಮ್ಮೆ ಕ್ರಿಯಾಟಿನಿನ್ (ಮೂತ್ರಪಿಂಡಕ್ಕೆ), ಟಿಎಸ್‌ಎಚ್ (ಥೈರಾಯ್ಡ್‌ಗೆ), ಕ್ಯಾಲ್ಸಿಯಂ ಪರೀಕ್ಷೆ ಸಹ ಇರಲಿ.

ಪ್ರಶ್ನೆ: ಹಾಗಾದರೆ ಮೈಟೊಕಾಂಡ್ರಿಯಾಕ್ಕೆ ಒಳ್ಳೆಯದೆನ್ನುವ ಕೀಟೋ ಆಹಾರ (ಅನ್ನ, ಸಕ್ಕರೆ ಬಹಳ ಕಡಿಮೆ, ಕೊಬ್ಬು ಹೆಚ್ಚು)?

ಉತ್ತರ: ಈವರೆಗಿನ ಪ್ರಯೋಗಗಳು ಚಿಕ್ಕವು. ಲಿಥಿಯಂ ತೆಗೆದುಕೊಳ್ಳುವವರು ವೈದ್ಯರಿಗೆ ತಿಳಿಸದೆ ಶುರು ಮಾಡಲೇಬಾರದು. ಕೀಟೋದ ಮೊದಲ ದಿನಗಳಲ್ಲಿ ದೇಹದಿಂದ ಉಪ್ಪು, ನೀರು ಹೊರಹೋಗುತ್ತವೆ. ಆಗ ಮೂತ್ರಪಿಂಡ ಉಪ್ಪಿನ ಜೊತೆ ಲಿಥಿಯಮ್ಮನ್ನೂ ಹಿಡಿದಿಟ್ಟುಕೊಂಡು ಮಟ್ಟ ಏರಬಹುದು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಯೂ ಮಟ್ಟ ಏರಿಸುತ್ತದೆ. ವಾಂತಿ, ಭೇದಿ, ಜೋರು ನಡುಕ, ತೂರಾಡುವ ನಡಿಗೆ ಕಂಡರೆ ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.