ಬೆರಳಿನಲ್ಲಿ ಇಲ್ಲದ ಗಣಿತ

ಈಚಿನ ವರ್ಷಗಳಲ್ಲಿ, ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಬರುವ ತಂದೆತಾಯಂದಿರಲ್ಲಿ ಹಲವರ ಕೈಯಲ್ಲಿ ಒಂದೇ ಬಗೆಯ ಬಣ್ಣಬಣ್ಣದ ಫೈಲು ಇರುತ್ತದೆ. ಮಗುವಿನ ಹತ್ತು ಬೆರಳುಗಳ ಅಚ್ಚು ತೆಗೆದು, ಮಿದುಳಿನ ಯಾವ ಭಾಗ ಬಲವಾಗಿದೆ, ಮಗು ಕಣ್ಣಿನಿಂದ ಕಲಿಯುತ್ತದೆಯೋ ಕಿವಿಯಿಂದಲೋ, ಯಾವ ವಿಷಯ ಅದಕ್ಕೆ ಒಗ್ಗುತ್ತದೆ ಎಂಬುದನ್ನೆಲ್ಲ ಶೇಕಡಾವಾರು ಹೇಳುವ ಡಿಎಂಐಟಿ (ಡರ್ಮಟೋಗ್ಲಿಫಿಕ್ಸ್ ಮಲ್ಟಿಪಲ್ ಇಂಟೆಲಿಜೆನ್ಸ್ ಟೆಸ್ಟ್) ವರದಿ ಅದು. ಅಂಥದೊಂದು ವರದಿ ಒಬ್ಬ ಹುಡುಗನಿಗೆ ಏನು ಮಾಡಿತೆಂಬುದನ್ನು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ, ಇಲ್ಲಿ ಬರೆದಿದ್ದೇನೆ.

ಹುಡುಗ ಎಂಟನೆಯ ತರಗತಿಯವನು. ಗಣಿತದ ಪೀರಿಯಡ್ ಇರುವ ದಿನ ಬೆಳಿಗ್ಗೆ ಹೊಟ್ಟೆನೋವು ಬರುತ್ತಿತ್ತು. ಮಕ್ಕಳ ವೈದ್ಯರಿಗೆ ಯಾವ ದೋಷವೂ ಕಂಡಿರಲಿಲ್ಲ. ತಂದೆ ವರದಿಯ ಒಂದು ಪ್ರತಿಯನ್ನು ಶಾಲೆಗೂ ಕೊಟ್ಟಿದ್ದರು. ಮಗುವಿಗೆ ಕಷ್ಟವಾಗಬಾರದೆಂಬ ಒಳ್ಳೆಯ ಮನಸ್ಸಿನಿಂದಲೇ ಗಣಿತದ ಶಿಕ್ಷಕಿ ಅವನನ್ನು ಬೋರ್ಡಿನ ಬಳಿಗೆ ಕರೆಯುವುದನ್ನು ಬಿಟ್ಟಿದ್ದರು.

ಮೊದಲೆರಡು ಭೇಟಿಗಳಲ್ಲಿ ಅವನು ಹೆಚ್ಚು ಮಾತನಾಡಲಿಲ್ಲ. ಮೂರನೆಯ ಸಲ, ಗಣಿತ ಯಾವಾಗಿನಿಂದ ಕಷ್ಟವಾಯಿತೆಂದು ಕೇಳಿದಾಗ, ತನ್ನ ರಕ್ತದ ಗುಂಪು ಹೇಳುವಷ್ಟು ಸಹಜವಾಗಿ, "ನನ್ನ ಬೆರಳಲ್ಲೇ ಲೆಕ್ಕ ಇಲ್ವಂತೆ, ಮೇಡಂ" ಎಂದ. ಆ ಮಾತಿನಲ್ಲಿ ದುಃಖವೂ ಇರಲಿಲ್ಲ, ದೂರೂ ಇರಲಿಲ್ಲ. ನನ್ನನ್ನು ಕಲಕಿದ್ದು ಅದೇ.

ಹಾಳೆಯೊಂದನ್ನು ಕೊಟ್ಟು 2/3 ಮತ್ತು 1/4 ಕೂಡಿಸಲು ಹೇಳಿದೆ. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 3/7 ಎಂದು ಬರೆದ. ತಪ್ಪೆಂದು ನಾನು ಹೇಳಲಿಲ್ಲ. "ಏಳರಲ್ಲಿ ಮೂರು ಅಂದರೆ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಎಂದೆ. ಕಡಿಮೆ ಎಂದ. "ಮೂರರಲ್ಲಿ ಎರಡು?" ಹೆಚ್ಚು ಎಂದವನು ಪೆನ್ಸಿಲನ್ನು ಹಾಳೆಯ ಮೇಲೆಯೇ ಊರಿ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಕೂಡಿಸಿದ ಮೇಲೆ ಕಮ್ಮಿ ಆಗೋಯ್ತಲ್ಲ!" ಎಂದು ತಲೆಯೆತ್ತಿದ. ಲ.ಸಾ.ಅ. 12 ಎಂದು ನೆನಪಿಸಿದ ಮೇಲೆ 8/12, 3/12, ಒಟ್ಟು 11/12 ಎಂಬಲ್ಲಿಗೆ ತಾನೇ ಬಂದ. ಉತ್ತರ ಎಲ್ಲಿ ಎಡವಿತೆಂದು ತಾನೇ ಹಿಡಿಯಬಲ್ಲ ಹುಡುಗನಿಗೆ ಗಣಿತ ಇಲ್ಲವೆಂದು ಹೇಗೆ ಒಪ್ಪಲಿ? ಅವನಲ್ಲಿ ಇಲ್ಲದಿದ್ದದ್ದು ಕೆಳಗಿನ ತರಗತಿಗಳಲ್ಲಿ ಗಟ್ಟಿಯಾಗಬೇಕಿದ್ದ ಭಿನ್ನರಾಶಿ.

ಬೆರಳಿನ ಗೆರೆಗಳು ತಾಯಿಯ ಹೊಟ್ಟೆಯಲ್ಲಿರುವಾಗಲೇ ಮೂಡಿ, ಮತ್ತೆ ಬದಲಾಗದೆ ಉಳಿಯುತ್ತವೆ. ಮಿದುಳಿನ ಸ್ವಭಾವ ಇದಕ್ಕೆ ತೀರ ವಿರುದ್ಧ. ಕಲಿತಂತೆಲ್ಲ ಅದರ ನರಕೋಶಗಳ ನಡುವಿನ ಸಂಪರ್ಕಗಳು ಬದಲಾಗುತ್ತಲೇ ಇರುತ್ತವೆ. ಬದಲಾಗದ ಒಂದನ್ನು ನೋಡಿ ಬದಲಾಗುವ ಇನ್ನೊಂದರ ಭವಿಷ್ಯ ಹೇಳುವ ಈ ಪರೀಕ್ಷೆಗೆ ವೈಜ್ಞಾನಿಕ ಆಧಾರವಿಲ್ಲವೆಂದು ಭಾರತೀಯ ಮನೋವೈದ್ಯರ ಸಂಘವೇ ಹೇಳಿದೆ. ನೋಡಿ ಕಲಿಯುವವರು, ಕೇಳಿ ಕಲಿಯುವವರು ಎಂದು ಮಕ್ಕಳನ್ನು ವಿಂಗಡಿಸಿ ಪಾಠ ಮಾಡಿದರೆ ಕಲಿಕೆ ಹೆಚ್ಚುತ್ತದೆಂಬುದಕ್ಕೂ ತಕ್ಕ ಪುರಾವೆಯಿಲ್ಲವೆಂದು 2008ರಲ್ಲಿ ಮನೋವಿಜ್ಞಾನಿ ಹೆರಾಲ್ಡ್ ಪಾಶ್ಲರ್ ಮತ್ತು ಸಂಗಡಿಗರು ಅಧ್ಯಯನಗಳನ್ನೆಲ್ಲ ಜಾಲಾಡಿ ತೋರಿಸಿದರು. ವೃತ್ತಿಯ ಆರಂಭದಲ್ಲಿ ನಾನೂ ಮಕ್ಕಳಿಂದ ಅಂಥ ಪ್ರಶ್ನಾವಳಿ ತುಂಬಿಸಿದ್ದೇನೆ. ಆದ್ದರಿಂದ ಆ ತಂದೆಯನ್ನಾಗಲಿ ಶಿಕ್ಷಕಿಯನ್ನಾಗಲಿ ಮೂದಲಿಸುವ ಹಕ್ಕು ನನಗಿಲ್ಲ.

ಹುಡುಗನಿಗೆ ಕೊಟ್ಟ ಸಲಹೆ ಚಿಕ್ಕದು: ದಿನಕ್ಕೆ ಮೂರೇ ಲೆಕ್ಕ, ಅದರಲ್ಲಿ ಎರಡು ಹಿಂದಿನ ಪಾಠಗಳವು, ಪುಸ್ತಕ ಮುಚ್ಚಿಟ್ಟು. ಉತ್ತರ ನೋಡುವುದು ಆಮೇಲೆ. ಶಿಕ್ಷಕಿಗೆ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ತರಗತಿಯ ಮೊದಲ ಐದು ನಿಮಿಷ, ಕಳೆದ ವಾರದ್ದು, ಕಳೆದ ತಿಂಗಳದ್ದು ಬೆರೆಸಿ ಮೂರು ಪ್ರಶ್ನೆ, ಅಂಕವಿಲ್ಲದೆ, ಎಲ್ಲರಿಗೂ. ಅವನನ್ನು ಮತ್ತೆ ಬೋರ್ಡಿಗೆ ಕರೆಯಿರಿ. ಇಷ್ಟು ಸಣ್ಣ ಸಂಗತಿಗೆ ಮಿದುಳಿನ ವಿಜ್ಞಾನ ಬೇಕೇ ಎಂದು ಆಕೆ ನಕ್ಕರು. ಬೇಕು, ಏಕೆಂದರೆ ಇಲ್ಲಿ ನಮ್ಮ ಅನಿಸಿಕೆಯೇ ನಮಗೆ ಮೋಸ ಮಾಡುತ್ತದೆ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿದ್ದನ್ನು ನೋಡದೆ ನೆನಪಿಸಿಕೊಂಡು ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಅವರನ್ನು ಸ್ಪಷ್ಟವಾಗಿ ಹಿಂದೆ ಹಾಕಿದರು. ಓದುವಾಗ ಸರಾಗವೆನಿಸಿದ್ದು ಉಳಿಯುವುದಿಲ್ಲ, ನೆನಪಿಸಿಕೊಳ್ಳಲು ತಿಣುಕಿದ್ದು ಉಳಿಯುತ್ತದೆ. ಆ ತಿಣುಕಾಟವನ್ನೇ ಈ ಹುಡುಗ ತನ್ನ ಬೆರಳಿನ ದೋಷವೆಂದು ತಿಳಿದಿದ್ದ.

ತಂದೆಗೆ ಸಮಾಧಾನವಾಗಲಿಲ್ಲ. "ಅಷ್ಟು ದುಡ್ಡು ಕೊಟ್ಟು ಮಾಡಿಸಿದ್ದು, ಎಲ್ಲ ಸುಳ್ಳು ಅಂತೀರಾ?" ಎಂದರು. ಸುಳ್ಳೆಂದೇ ಹೇಳಿದೆ. ಆಪ್ತಸಲಹೆಗಾರರು ಹೀಗೆ ಖಂಡಿತವಾಗಿ ಮಾತನಾಡಬಾರದೆಂದು ಸಹೋದ್ಯೋಗಿಯೊಬ್ಬರು ನನ್ನನ್ನು ಆಕ್ಷೇಪಿಸಿದ್ದಾರೆ. ಆದರೆ ಮಗು ಆ ವರದಿಯನ್ನು ತನ್ನ ಮೈಯ ಭಾಗವೆಂದೇ ನಂಬಿರುವಾಗ, ಇರಬಹುದು, ಇಲ್ಲದಿರಬಹುದು ಎಂಬ ನಯದ ಮಾತು ಆ ನಂಬಿಕೆಯನ್ನು ಇದ್ದಲ್ಲೇ ಬಿಡುತ್ತದೆ.

ಎರಡು ತಿಂಗಳ ನಂತರ ಬಂದಾಗ ಹೊಟ್ಟೆನೋವು ಕಡಿಮೆಯಾಗಿತ್ತು, ಟೆಸ್ಟ್ ಇರುವ ದಿನ ಮಾತ್ರ ಮರಳುತ್ತಿತ್ತು. ಲೆಕ್ಕದ ನೋಟ್‌ಬುಕ್ಕಿನಲ್ಲಿ ಅವನು ತಪ್ಪಾದ ಉತ್ತರಗಳನ್ನು ಅಳಿಸಿರಲಿಲ್ಲ. ಒಂದೇ ಗೆರೆ ಎಳೆದು, ಪಕ್ಕದಲ್ಲಿ "ಕಮ್ಮಿ ಆಯ್ತು" ಎಂದೋ "ಜಾಸ್ತಿ ಆಯ್ತು" ಎಂದೋ ಬರೆದಿಟ್ಟಿದ್ದ. ಫೈಲು ಇನ್ನೂ ಮನೆಯ ಬೀರುವಿನಲ್ಲೇ ಇದೆಯಂತೆ.