ಶಿಕಾಗೊ ಬಾವುಟ: ನಕ್ಷತ್ರ ಬರೆಯುವ ಬಗೆ

ಪ್ರಶ್ನೆ: ಶಾಲಾ ಪ್ರದರ್ಶನಕ್ಕೆ ಶಿಕಾಗೊ ನಗರದ ಬಾವುಟ ಮಾಡುತ್ತಿದ್ದೇವೆ. ಎರಡು ತ್ರಿಕೋನ ಸೇರಿಸಿ ನಕ್ಷತ್ರ ಬರೆದರೆ ಮೂಲದಂತೆ ಕಾಣುತ್ತಿಲ್ಲ. ತಪ್ಪೆಲ್ಲಿದೆ?
– ಓದುಗರು, ಶಿವಮೊಗ್ಗ

ಉತ್ತರ: ಮೊನೆಯಲ್ಲಿ. ಎರಡು ಸಮಬಾಹು ತ್ರಿಕೋನ ಸೇರಿಸಿದರೆ ಮೊನೆ 60 ಡಿಗ್ರಿ ಆಗುತ್ತದೆ. ಶಿಕಾಗೊ ನಕ್ಷತ್ರದ ಮೊನೆ ಅದರ ಅರ್ಧ, 30 ಡಿಗ್ರಿ. ಈ ಚೂಪೇ ಬಾವುಟದ ಜೀವ.

ಬಾವುಟ 60 ಸೆಂ.ಮೀ. ಎತ್ತರ, 90 ಸೆಂ.ಮೀ. ಅಗಲ ಇರಲಿ. ಒಂದೇ ಕೇಂದ್ರದಿಂದ 9 ಮತ್ತು 3.3 ಸೆಂ.ಮೀ. ತ್ರಿಜ್ಯದ ಎರಡು ವೃತ್ತ ಎಳೆಯಿರಿ. ಹೊರವೃತ್ತದ ನೆತ್ತಿಯಿಂದ ಶುರುಮಾಡಿ 60 ಡಿಗ್ರಿಗೊಂದರಂತೆ ಆರು ಗುರುತು ಹಾಕಿ. ಒಳವೃತ್ತದ ಗುರುತುಗಳು ಇವುಗಳ ನಡುವೆ ಬರಬೇಕು. ಹೊರಗೊಂದು ಒಳಗೊಂದರಂತೆ ಸೇರಿಸುತ್ತ ಹೋದರೆ ನಕ್ಷತ್ರ ಸಿದ್ಧ. ಇಂಥ ನಾಲ್ಕು ಕೆಂಪು ನಕ್ಷತ್ರ, ಒಂದು ಮೊನೆ ನೇರ ಮೇಲಕ್ಕಿರುವಂತೆ, ಮಧ್ಯದಲ್ಲಿ ಒತ್ತಾಗಿ ಕೂರಲಿ.

ನಕ್ಷತ್ರಗಳ ಮೇಲೊಂದು ಕೆಳಗೊಂದು ಬರುವ ತಿಳಿನೀಲಿ ಅಡ್ಡಪಟ್ಟಿಗಳು ಎತ್ತರದ ಆರನೇ ಒಂದು ಭಾಗ, ಅಂದರೆ 10 ಸೆಂ.ಮೀ. ಇರಲಿ. ಬಾವುಟದ ಮೇಲಂಚು, ಕೆಳಗಂಚುಗಳಲ್ಲಿ ಬಿಡುವ ಬಿಳಿ ಮಾತ್ರ ಆರನೇ ಒಂದಕ್ಕಿಂತ ತುಸು ಕಡಿಮೆ ಎಂದು ನಿಯಮವೇ ಹೇಳುತ್ತದೆ. 9 ಸೆಂ.ಮೀ. ಬಿಡಿ. ಪೂರ್ತಿ 10 ಬಿಟ್ಟರೆ ನಕ್ಷತ್ರಗಳು ಪಟ್ಟಿಗೆ ಅಂಟಿದಂತೆ ಕಾಣುತ್ತವೆ. ಹತ್ತಿ ಬಟ್ಟೆಯಲ್ಲಿ ಇಷ್ಟು ಚೂಪಾದ ತುದಿಯ ಅಂಚು ಮಡಿಸಲು ಜಾಗವಿರುವುದಿಲ್ಲ, ನೂಲು ಬಿಚ್ಚಿಕೊಳ್ಳುತ್ತದೆ. ನೇಯದೆ ಒತ್ತಿ ಮಾಡಿದ ಫೆಲ್ಟ್ ಬಟ್ಟೆ ವಾಸಿ.

ಪ್ರಶ್ನೆ: ಅಮೆರಿಕದ ನಕ್ಷತ್ರಕ್ಕೆ ಐದು ಮೊನೆ, ಇದಕ್ಕೇಕೆ ಆರು? ಪಟ್ಟಿಗಳಿಗೂ ಅರ್ಥವಿದೆಯೇ?
– ಓದುಗರು, ಧಾರವಾಡ

ಉತ್ತರ: ಐದು ಮೊನೆಯ ನಕ್ಷತ್ರ ಸಾರ್ವಭೌಮ ರಾಜ್ಯಗಳ ಗುರುತು, ನಗರಕ್ಕೆ ಅದು ಸಲ್ಲದು ಎಂಬುದು ವಿನ್ಯಾಸಕಾರ ವ್ಯಾಲೇಸ್ ರೈಸ್ ಅವರ ನಿಲುವು. 1917ರಲ್ಲಿ ಬಾವುಟ ಅಂಗೀಕಾರವಾದಾಗ ಇದ್ದದ್ದು ಎರಡೇ ನಕ್ಷತ್ರ: 1871ರ ಮಹಾ ಅಗ್ನಿದುರಂತಕ್ಕೊಂದು, 1893ರ ವಿಶ್ವ ಪ್ರದರ್ಶನಕ್ಕೊಂದು. ಮೂರನೆಯದು 1933ರ ಪ್ರದರ್ಶನಕ್ಕಾಗಿ ಬಂತು. ನಗರ ಬೆಳೆಯುವ ಮೊದಲೇ ಅಲ್ಲಿದ್ದ ಡಿಯರ್‌ಬಾರ್ನ್ ಸೇನಾ ಕೋಟೆಯ ನಕ್ಷತ್ರ ಸೇರಿದ್ದು 1939ರಲ್ಲಿ. ಕೊನೆಗೆ ಬಂದರೂ, ಕಾಲಕ್ರಮದಲ್ಲಿ ಹಿರಿಯದಾದ್ದರಿಂದ ಕಂಬದ ಪಕ್ಕದ ಮೊದಲ ಸ್ಥಾನ ಅದರದೇ.

ಪಟ್ಟಿಗಳು ನಗರದ ನಕಾಶೆಯೇ ಸರಿ. ಮೂರು ಬಿಳಿ ಭಾಗಗಳು ಉತ್ತರ, ಪಶ್ಚಿಮ, ದಕ್ಷಿಣ ಬಡಾವಣೆಗಳು. ಮೇಲಿನ ನೀಲಿ ಮಿಶಿಗನ್ ಸರೋವರ ಮತ್ತು ಶಿಕಾಗೊ ನದಿಯ ಉತ್ತರ ಕವಲು. ಕೆಳಗಿನದು ದಕ್ಷಿಣ ಕವಲು ಮತ್ತು ಕಾಲುವೆ. ನಗರದ ಹೆಸರನ್ನೇ ಬರೆಯದೆ ಇಷ್ಟು ಹೇಳುವ ಬಾವುಟಗಳು ವಿರಳ.

ಪ್ರಶ್ನೆ: ಒಂದು ನಕ್ಷತ್ರ ಸ್ವಾಮಿ ವಿವೇಕಾನಂದರ ಭಾಷಣದ ನೆನಪಿಗೆಂದು ಕೇಳಿದ್ದೇವೆ. ನಿಜವೇ?
– ಓದುಗರು, ಮೈಸೂರು

ಉತ್ತರ: ಅಲ್ಲ. ಆ ನಕ್ಷತ್ರ 1893ರ ಪ್ರದರ್ಶನದ್ದು. ವಿವೇಕಾನಂದರು ಸೆಪ್ಟೆಂಬರ್ 11ರಂದು ಮಾತನಾಡಿದ ಸರ್ವಧರ್ಮ ಸಮ್ಮೇಳನ ಅದೇ ಪ್ರದರ್ಶನದ ಅಂಗವಾಗಿ ನಡೆಯಿತು. ನಂಟು ಇರುವುದು ಅಷ್ಟರಮಟ್ಟಿಗೆ.