ಬೆಳಗಿನ ಮಾತ್ರೆ ಬಿಟ್ಟು ರಾತ್ರಿಯದನ್ನು ಇಟ್ಟುಕೊಳ್ಳಲೇ?

ಪ್ರಶ್ನೆ: ಅಕ್ಕ, ನನಗೆ 34 ವರ್ಷ. ತಿಂಗಳುಗಟ್ಟಲೆ ಮನಸ್ಸು ಕುಗ್ಗಿಹೋಗಿತ್ತು, ನಿದ್ದೆಯೂ ಇರಲಿಲ್ಲ. ಮನೋವೈದ್ಯರು ಬೆಳಿಗ್ಗೆಗೆ ಎಸಿಟಾಲೋಪ್ರಾಮ್ 10 ಮಿ.ಗ್ರಾಂ., ರಾತ್ರಿಗೆ ಕ್ಲೋನಜೆಪಾಮ್ 0.25 ಮಿ.ಗ್ರಾಂ. ಬರೆದುಕೊಟ್ಟರು. ಇವತ್ತಿಗೆ 12 ದಿನ. ರಾತ್ರಿ ಮಾತ್ರೆಯಿಂದ ಚೆನ್ನಾಗಿ ನಿದ್ದೆ ಬರುತ್ತಿದೆ. ಬೆಳಗಿನದರಿಂದ ಹೊಟ್ಟೆ ತೊಳಸುವುದು ಬಿಟ್ಟರೆ ಏನೂ ಆಗಿಲ್ಲ. ಬೆಳಗಿನದನ್ನು ಬಿಟ್ಟು ರಾತ್ರಿಯದನ್ನು ಮಾತ್ರ ತೆಗೆದುಕೊಂಡರೆ ಸಾಲದೇ? ಡಾಕ್ಟರನ್ನೇ ಕೇಳೋಣವೆಂದರೆ ಸಂಕೋಚ. ತಮ್ಮ ಮೇಲೆ ನಂಬಿಕೆ ಇಲ್ಲ ಅಂದುಕೊಂಡಾರು, ಅಲ್ವಾ?

ಉತ್ತರ: ತಂಗಿ, ನಾನು ಡಾಕ್ಟರ್ ಅಲ್ಲ. ಮನಸ್ಸಿನ ಏರಿಳಿತ ಹತೋಟಿಯಲ್ಲಿಡುವ ಲಿಥಿಯಂ ಮಾತ್ರೆಯನ್ನು 16 ವರ್ಷದಿಂದ ದಿನಾ ತೆಗೆದುಕೊಳ್ಳುತ್ತಿರುವ ರೋಗಿ. ನಿಮ್ಮ ಡೋಸ್ ಬಗ್ಗೆ ತೀರ್ಮಾನ ನಿಮ್ಮ ಡಾಕ್ಟರದ್ದೇ. ಆದರೆ ಇಷ್ಟು ಹೇಳಬಲ್ಲೆ. ನೀವು ಬಿಡಬೇಕು ಅಂದುಕೊಂಡಿರುವ ಮಾತ್ರೆಯೇ ಕುಗ್ಗಿದ ಮನಸ್ಸಿಗೆ ಕೊಟ್ಟ ಔಷಧಿ. ಇಟ್ಟುಕೊಳ್ಳಬೇಕು ಅಂದುಕೊಂಡಿರುವುದು, ಅದು ಕೆಲಸ ಶುರು ಮಾಡುವವರೆಗೆ ಸಾಮಾನ್ಯವಾಗಿ ಕೊಡುವ ಊರುಗೋಲು.

ಎಸಿಟಾಲೋಪ್ರಾಮ್ ನಿಧಾನದ ಮಾತ್ರೆ. ಎರಡರಿಂದ ನಾಲ್ಕು ವಾರಕ್ಕೆ ಸ್ವಲ್ಪ ಗುಣ ಕಾಣಬಹುದು, ಪೂರ್ತಿ ಗೊತ್ತಾಗಲು ಆರೆಂಟು ವಾರವೇ ಬೇಕಾಗಬಹುದು. ತೊಂದರೆ ಮಾತ್ರ ಮೊದಲ ವಾರವೇ ಬರುತ್ತದೆ. ಅದಕ್ಕೇ ಎಷ್ಟೋ ಜನ ನೀವು ನಿಂತಿರುವ ಜಾಗದಲ್ಲೇ ಕೈಬಿಡುತ್ತಾರೆ. ಹೊಟ್ಟೆ ತೊಳಸುವುದು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತದೆ. ಲೈಂಗಿಕ ಆಸಕ್ತಿ ಕಡಿಮೆಯಾಗುವುದೂ ಉಂಟು. ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಸುಮ್ನೆ ಮಾತ್ರೆ ನಿಲ್ಲಿಸಿಬಿಡುತ್ತಾರೆ. ನೀವು ಹೇಳಿ. ಡೋಸ್ ಇಳಿಸಬಹುದು, ಮಾತ್ರೆ ಬದಲಿಸಬಹುದು, ದಾರಿಗಳಿವೆ.

ಕ್ಲೋನಜೆಪಾಮ್ ಹಾಗಲ್ಲ. ಮೊದಲ ರಾತ್ರಿಯೇ ಕೆಲಸ ಮಾಡುತ್ತದೆ. ದಿನಾ ತೆಗೆದುಕೊಳ್ಳುತ್ತಾ ಹೋದರೆ ಕೆಲವೇ ವಾರಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಬಹುದು. ಆಮೇಲೆ ಅದಿಲ್ಲದೆ ಕಣ್ಣು ಮುಚ್ಚುವುದಿಲ್ಲ. ತುಂಬ ದಿನ ತೆಗೆದುಕೊಂಡವರು ತಟ್ಟನೆ ಬಿಟ್ಟರೆ ಫಿಟ್ಸ್ ಕೂಡ ಬರಬಹುದು. ಜೊತೆಗೆ ಮದ್ಯ ಸೇರಿದರೆ ಉಸಿರಾಟಕ್ಕೇ ಅಪಾಯ. ಹಾಗಾಗಿ ನೀವು ಕೇಳಬೇಕಾದ ಮೊದಲ ಮಾತು ಇದು: "ರಾತ್ರಿ ಮಾತ್ರೆ ಎಷ್ಟು ದಿನ? ನಿಲ್ಲಿಸುವುದು ಹೇಗೆ?"

ನಾನೂ ಕೇಳದೆ ಇದ್ದವಳೇ. ಲಿಥಿಯಂ ಶುರುವಾದ ಎರಡನೇ ವರ್ಷ ಮೊಣಕಾಲು ನೋವು ಬಂತು. ಬೇರೊಬ್ಬ ಡಾಕ್ಟರ್ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ಕೊಟ್ಟರು. ಬೇರೆ ಮಾತ್ರೆ ಏನಾದರೂ ಇದೆಯೇ ಎಂದು ಅವರು ಕೇಳಲಿಲ್ಲ, ಮನಸ್ಸಿನ ಮಾತ್ರೆಯ ಸುದ್ದಿ ಎತ್ತಲು ನನಗೆ ನಾಚಿಕೆ. ಒಂದು ವಾರಕ್ಕೆ ಕೈ ನಡುಕ ಜಾಸ್ತಿಯಾಯಿತು. ನನ್ನ ಸಹಿ ನನಗೇ ಗುರುತು ಸಿಗಲಿಲ್ಲ. ವಾಂತಿ ಬೇರೆ, ನಡೆದರೆ ತೂರಾಟ. ರಕ್ತದಲ್ಲಿ ಲಿಥಿಯಂ 1.9 ಇತ್ತು. ಸಾಮಾನ್ಯವಾಗಿ ಅದು 0.6ರಿಂದ 1.0ರ ಒಳಗೆ ಇರಬೇಕು. ಆ ನೋವಿನ ಮಾತ್ರೆ, ಮೂತ್ರಪಿಂಡ ಲಿಥಿಯಂ ಹೊರಹಾಕುವುದನ್ನು ತಡೆದಿತ್ತು. ಈ ಒಂದು ಸಾಲು ಮೊದಲೇ ಗೊತ್ತಿದ್ದರೆ ಸಾಕಾಗಿತ್ತು.

ಅಂದಿನಿಂದ ಒಂದು ಪುಟ್ಟ ನೋಟ್‌ಬುಕ್ ನನ್ನ ಚೀಲದಲ್ಲೇ ಇರುತ್ತದೆ. ಎಲ್ಲಾ ಔಷಧಿಯ ಮೂಲ ಹೆಸರು, ಡೋಸ್, ಶುರುವಾದ ತಾರೀಕು. ಕಂಪನಿ ಇಟ್ಟ ಹೆಸರು ಸಾಲದು. ಒಂದೇ ಔಷಧಿ ಎರಡು ಹೆಸರಲ್ಲಿ ಬಂದರೆ ಗೊತ್ತಿಲ್ಲದೆ ಎರಡೂ ನುಂಗಿಬಿಡುತ್ತೇವೆ. ಹಲ್ಲಿನ ಡಾಕ್ಟರ್ ಹತ್ತಿರ ಹೋದರೂ ಆ ಪುಟ ತೋರಿಸುತ್ತೇನೆ. ನಿಮಗೂ ಇದು ಬೇಕು. ಎಸಿಟಾಲೋಪ್ರಾಮ್ ಜೊತೆ ಐಬುಪ್ರೊಫೇನ್‌ನಂಥ ನೋವಿನ ಮಾತ್ರೆ ಸೇರಿದರೆ ಹೊಟ್ಟೆಯೊಳಗೆ ರಕ್ತಸ್ರಾವವಾಗುವ ಸಾಧ್ಯತೆ ಹೆಚ್ಚು. ಮಗುವಿನ ಯೋಚನೆ ಇದ್ದರೆ ಅದನ್ನೂ ಮೊದಲೇ ಹೇಳಿ.

ಇನ್ನು ನಿಮ್ಮ ಸಂಕೋಚದ ಮಾತು. ನಾನು ಮೊದಲ ಸಲ ಕೈ ನಡುಗುತ್ತಾ ಪ್ರಶ್ನೆಗಳ ಪಟ್ಟಿ ತೆಗೆದಾಗ ನನ್ನ ಡಾಕ್ಟರ್ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ನೀವು ಬೆಳಗಿನದನ್ನು ಗುಟ್ಟಾಗಿ ಬಿಟ್ಟರೆ ನಿಮ್ಮ ಡಾಕ್ಟರ್ ಏನು ಅಂದುಕೊಳ್ಳುತ್ತಾರೆ ಯೋಚಿಸಿ. ಔಷಧಿ ಕೆಲಸ ಮಾಡುತ್ತಿಲ್ಲ ಅಂತ ಡೋಸ್ ಏರಿಸಬಹುದು. ಕೇಳುವುದಕ್ಕಿಂತ ಮುಚ್ಚಿಡುವುದೇ ಅವರಿಗೆ ಮಾಡುವ ಮೋಸ. ಕೇಳಿದ್ದಕ್ಕೆ ಯಾರಾದರೂ ರೇಗಿದರೆ ಇನ್ನೊಬ್ಬ ಡಾಕ್ಟರ ಅಭಿಪ್ರಾಯ ಪಡೆಯುವ ಹಕ್ಕು ನಿಮಗಿದೆ. ಅಲ್ಲಿಯವರೆಗೆ ಮಾತ್ರೆ ನಿಲ್ಲಿಸಬೇಡಿ.

ಒಂದು ವಿಷಯಕ್ಕೆ ಮಾತ್ರ ಮುಂದಿನ ಭೇಟಿಯವರೆಗೂ ಕಾಯಬೇಡಿ. ಕುಳಿತಲ್ಲಿ ಕೂರಲಾಗದಷ್ಟು ಚಡಪಡಿಕೆ ಬಂದರೆ, ಸಾಯುವ ಯೋಚನೆ ಬಂದರೆ, ಅದೇ ಗಳಿಗೆ ಡಾಕ್ಟರಿಗೆ ಫೋನ್ ಮಾಡಿ. ಅವರು ಸಿಗದಿದ್ದರೆ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮನೆಯಲ್ಲಿ ಒಬ್ಬರಿಗಾದರೂ ಇದನ್ನು ಇವತ್ತೇ ಹೇಳಿಟ್ಟಿರಿ.

ಗುಣವಾದ ಮೇಲೂ ಸಾಮಾನ್ಯವಾಗಿ ಆರು ತಿಂಗಳಾದರೂ ಎಸಿಟಾಲೋಪ್ರಾಮ್ ಮುಂದುವರಿಸುತ್ತಾರೆ. ಬಿಡುವಾಗ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ತಟ್ಟನೆ ಬಿಟ್ಟರೆ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಆಗಬಹುದು. ನಾಳೆ ಬೆಳಗಿನ ಮಾತ್ರೆ ತೆಗೆದುಕೊಳ್ಳಿ. ಆಮೇಲೆ ಫೋನ್ ಮಾಡಿ, ಹೊಟ್ಟೆಯ ವಿಷಯ ಹೇಳಿ, ಊಟದ ನಂತರ ನುಂಗಬಹುದೇ ಕೇಳಿ. ಏನು ಹೇಳಿದರೆಂದು ನನಗೂ ಬರೆಯಿರಿ, ಕಾಯುತ್ತಿರುತ್ತೇನೆ.